ಒಂಬತ್ತು ದಿನಗಳ ಬಳೆ

ಆಗಸ್ಟ್ 2, ಶುಕ್ರವಾರ, ಲೆಗಿ

ಯೋಗ್ಯಕರ್ತ ನಗರದಿಂದ ಪತ್ರ ಬಂದಿದೆ. ಈ ವರ್ಷದ ಪ್ರದರ್ಶನಕ್ಕೂ ನಾನು ಚಿತ್ರ ಕೊಡಬಹುದಂತೆ. ಆದರೆ ಈ ಸಲ ಅಂಚೆಯಲ್ಲಿ ಕಳಿಸುವ ಹಾಗಿಲ್ಲ, ಬರೆದವರೇ ಹೊತ್ತು ತಂದು ಆಯ್ಕೆಗಾರರ ಎದುರು ನಿಂತು ತೋರಿಸಬೇಕು. ಸೆಪ್ಟೆಂಬರ್ 28. ಎಂಟು ವಾರ ಇದೆ.

ಕಳೆದ ವರ್ಷ ಚಿತ್ರ ವಾಪಸು ಕಳಿಸಿದಾಗ ಜೊತೆಗೊಂದು ಸಾಲು ಬರೆದಿದ್ದರು: "ಅಂದವಾಗಿದೆ, ಆದರೆ ಇದನ್ನು ಕಂಪ್ಯೂಟರ್ ಒಂದು ನಿಮಿಷದಲ್ಲಿ ಮಾಡುತ್ತದೆ." ಅದರ ಹಿಂದಿನ ವರ್ಷ ಯಾವ ಸಾಫ್ಟ್‌ವೇರ್ ಬಳಸಿದ್ದೀರಿ ಎಂದು ಕೇಳಿದ್ದರು. ಒಂದೊಂದು ಗೆರೆಯನ್ನೂ ಲೇಖನಿ ಅದ್ದಿ ಅದ್ದಿ ಎಳೆದವಳಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ. ನನ್ನ ಗೆರೆಯಲ್ಲಿ ಕೈಯ ಗುರುತು ಕಾಣಬಾರದು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಮೇಲೆ, ಸೊಟ್ಟ ಗೆರೆ ಕಂಡರೆ ನನಗೆ ಹಲ್ಲು ಜುಂ ಎನ್ನುತ್ತದೆ.

ಈ ಸಲವೂ ಆಗದಿದ್ದರೆ ಇನ್ನು ಪ್ರಯತ್ನ ಬೇಡ. ಐವತ್ತೆಂಟು ತುಂಬಿತು. ನನ್ನ ಚಿತ್ರಗಳು ಅಡುಗೆಮನೆಯ ಗೋಡೆ ಬಿಟ್ಟು ಬೇರೆ ಗೋಡೆ ಕಂಡಿಲ್ಲ. ಒಮ್ಮೆ ಕಾಣಬೇಕು ಎಂದು ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದುಕೊಂಡೆ.

ಹಿತ್ತಲ ಕಡೆಯಿಂದ ಮೇಣ ಕಾಯುವ ವಾಸನೆ ಬರುತ್ತಿದೆ. ಅದು ಕುಸ್ತಿನಾಳ ಬಟಿಕ್ ಮನೆ, ಮೇಣ ಎಳೆದು ಬಟ್ಟೆಗೆ ಬಣ್ಣ ಹಾಕುವ ಜಾಗ. ಕುಸ್ತಿನಾ ನನ್ನ ಒಡಹುಟ್ಟಿದವಳು, ನನಗಿಂತ ಎಂಟು ವರ್ಷ ದೊಡ್ಡವಳು. ಅಕ್ಕ ಎಂದು ಕರೆದು ಎರಡು ವರ್ಷವಾಯಿತು, ಇಲ್ಲಿಯೂ ಹಾಗೆ ಬರೆಯುವುದಿಲ್ಲ. ನಾಲ್ಕು ತಿಂಗಳು ಕೂತು ಬರೆದ ನನ್ನ ಚಿತ್ರವನ್ನು ತೆಗೆದು ಅದರಲ್ಲಿ ಮೇಣದ ಗಟ್ಟಿ ಸುತ್ತಿಟ್ಟ ಮಹಾತಾಯಿ ಅವಳು. ಕೇಳಿದ್ದಕ್ಕೆ, "ಲೆಕ್ಕದ ಹಾಳೆ ಅಂದ್ಕೊಂಡೆ" ಅಂದಳು. ಅಷ್ಟೇ ಅಂದಳು.

ಆಗಸ್ಟ್ 5, ಸೋಮವಾರ, ವಾಗೆ

ಇವತ್ತು ಮಧ್ಯಾಹ್ನ ಸಿಕ್ಕಿತು. ಕ್ರಮವಾಗಿ ಬರೆದಿಡುತ್ತೇನೆ, ಆಯ್ಕೆಗಾರರಿಗೂ ಹೀಗೆಯೇ ಹೇಳಬೇಕಾದೀತು.

ಏಳು ದಿನದ ವಾರ ಲೋಕಕ್ಕೆಲ್ಲ ಒಂದೇ. ಐದು ದಿನದ ಸಂತೆವಾರ ನಮ್ಮ ಜಾವಾದ್ದು: ಲೆಗಿ, ಪಹಿಂಗ್, ಪೊನ್, ವಾಗೆ, ಕ್ಲಿವೊನ್. ಎರಡೂ ಒಟ್ಟೊಟ್ಟಿಗೆ ಓಡುತ್ತವೆ, ಮೂವತ್ತೈದು ದಿನಕ್ಕೊಮ್ಮೆ ಅದೇ ಜೋಡಿ ಮರಳಿ ಬರುತ್ತದೆ. ಹುಟ್ಟಿದ ದಿನದ ಜೋಡಿಯೇ ಒಬ್ಬರ ವೆತೊನ್. ನನ್ನದು ಗುರುವಾರ ವಾಗೆ. ಗುರುವಾರಕ್ಕೆ ಹಿರಿಯರು ಕೊಟ್ಟ ಸಂಖ್ಯೆ ಎಂಟು, ವಾಗೆಗೆ ನಾಲ್ಕು, ಕೂಡಿದರೆ ಹನ್ನೆರಡು. ಮದುವೆಗೆ, ಮನೆಗೆ ಪಾಯ ತೆಗೆಯುವುದಕ್ಕೆ ಎಲ್ಲರೂ ಈ ಲೆಕ್ಕ ಹಾಕಿಸುತ್ತಾರೆ. ನಾನು ಹಾಕಿಸಿದವಳಲ್ಲ. ತರಗತಿಯಲ್ಲಿ ಇದನ್ನು ಹೇಳಿ ನಕ್ಕವಳು.

ನಾನು ಮಾಡಿದ್ದು ಇಷ್ಟು. ವೃತ್ತದ ಮೇಲೆ ಮೂವತ್ತೈದು ಚುಕ್ಕಿ, ದಿನಕ್ಕೊಂದು. ನನ್ನ ಚುಕ್ಕಿಯಿಂದ ಹನ್ನೆರಡು ದಿನ ಮುಂದಕ್ಕೆ ನೆಗೆದರೆ ಮಂಗಳವಾರ ಲೆಗಿ. ಅದರ ಸಂಖ್ಯೆ ಎಂಟು. ಅಲ್ಲಿಂದ ಎಂಟು ದಿನ ನೆಗೆದರೆ ಬುಧವಾರ ವಾಗೆ, ಅದರ ಸಂಖ್ಯೆ ಹನ್ನೊಂದು. ಹೀಗೆ ಒಂದೊಂದು ನೆಗೆತಕ್ಕೂ ಗೆರೆ ಎಳೆಯುತ್ತ ಹೋದರೆ ಕೊನೆಗೆ ಒಂಬತ್ತು ದಿನಗಳ ಒಂದು ಸುತ್ತಿಗೆ ಬಿದ್ದು, ಅಲ್ಲೇ ಸುತ್ತುತ್ತ ಉಳಿಯುತ್ತೇನೆ.

ಆಮೇಲೆ ಸತ್ತ ನನ್ನ ಗಂಡನ ದಿನದಿಂದ ಹೊರಟೆ. ಅವನೂ ಅದೇ ಒಂಬತ್ತಕ್ಕೆ ಬಂದ. ಎದುರುಮನೆಯ ಕೋಳಿ ಮಾರುವವನ ದಿನದಿಂದ ಹೊರಟೆ. ಅವನೂ ಬಂದ. ಮೂವತ್ತೈದು ಚುಕ್ಕಿಗಳನ್ನೂ ಒಂದೊಂದಾಗಿ ನಡೆಸಿ ನೋಡಿದೆ, ಎರಡು ಸಲ. ಒಬ್ಬರೂ ತಪ್ಪದೆ ಎಲ್ಲರೂ ಅದೇ ಒಂಬತ್ತು ದಿನಗಳ ಬಳೆಗೆ ಬಂದು ಸೇರುತ್ತಾರೆ. ಕೆಲವರು ಹುಟ್ಟಿದ್ದೇ ಬಳೆಯ ಮೇಲೆ. ಒಬ್ಬರಿಗೆ ಏಳು ನೆಗೆತ ಬೇಕು. ಮೂವತ್ತು ವರ್ಷ ನಕ್ಕ ಲೆಕ್ಕದೊಳಗೆ ಇದು ಕೂತಿತ್ತು. ನನಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಅನ್ನಕ್ಕೆ ಇಟ್ಟೆ.

ಚಿತ್ರ ಇದೇ. ಆದರೆ ಬರೀ ಚುಕ್ಕಿಗಳಲ್ಲ, ಜನ. ಮೂವತ್ತೈದು ದಿನಕ್ಕೆ ಮೂವತ್ತೈದು ನಿಜವಾದ ಮನುಷ್ಯರು, ಒಬ್ಬೊಬ್ಬರಿಗೂ ಒಂದೊಂದು ಎಳೆ. ಎಲ್ಲ ಎಳೆಗಳೂ ಕೂದಲೆಳೆ ಅಂತರದಲ್ಲಿ ಪಕ್ಕಪಕ್ಕ ಬಂದು ಬಳೆಯಲ್ಲಿ ಒಂದಾಗಬೇಕು. ಕೆಳಗೆ ಅವರವರ ಹೆಸರು.

ಆಗಸ್ಟ್ 14, ಬುಧವಾರ, ಪೊನ್

ಬಾಂಡುಂಗ್‌ನಿಂದ ಹಾಳೆ ಬಂತು. ಆಳುದ್ದದ ಚೌಕ, ದಪ್ಪ. ಇಂಥದ್ದು ಇನ್ನೊಂದು ಬೇಕೆಂದರೆ ಒಂದು ತಿಂಗಳು ಕಾಯಬೇಕಂತೆ. ಅಂದರೆ ಇರುವುದು ಇದೊಂದೇ.

ಮೊದಲ ಎಳೆ ನನ್ನದು, ಉಕ್ಕಿನ ಪಟ್ಟಿ ಇಟ್ಟು ಎಳೆದೆ. ನೇರವಾಗಿದೆ, ಹೆಣದಷ್ಟು ನೇರ. ನನಗೆ ಬೇಕಾದದ್ದೂ ಅದೇ.

ಜನ ಮಾತ್ರ ಸಿಗುತ್ತಿಲ್ಲ. ಓಣಿಗೆಲ್ಲ ನಾನಿನ್ನೂ ಬು ಗುರು, ಟೀಚರಮ್ಮ, ಆದರೂ. ಹತ್ತು ಮನೆ ತಿರುಗಿದೆ. "ನಿಮ್ಮ ವೆತೊನ್ ಯಾವುದು?" ಎಂದೊಡನೆ ಎಲ್ಲರಿಗೂ ಒಲೆಯ ಮೇಲೆ ಏನೋ ಸೀಯುತ್ತಿರುವ ನೆನಪು ಬರುತ್ತದೆ. ತನ್ನ ದಿನ ಮೊದಲೇ ಕೊಟ್ಟಿದ್ದ ಕೋಳಿ ಮಾರುವವನು ನೇರವಾಗಿಯೇ ಹೇಳಿದ: "ಬು ಗುರು, ನೀವು ನನ್ ಮಗನಿಗೆ ಪಾಠ ಹೇಳಿದೋರು, ಇಲ್ಲ ಅನ್ನೋಕಾಗ್ಲಿಲ್ಲ. ಬೇರೆಯೋರು ಕೇಳಿದ್ರೆ ಕೊಡ್ತಿರ್ಲಿಲ್ಲ. ವೆತೊನ್ ಅಂದ್ರೆ ಮನೆ ಬೀಗದ ಕೈ. ಆಗದೋರ ಕೈಗೆ ಸಿಕ್ಕಿದ್ರೆ ಮಾಟಕ್ಕೆ ಇನ್ನೇನು ಬೇಕು?"

ಆಗಸ್ಟ್ 21, ಬುಧವಾರ, ಕ್ಲಿವೊನ್

ಆರು ಎಳೆ ಆಗಿದೆ. ಏಳನೆಯದು ಎಳೆಯುವಾಗ ಶಾಯಿ ಪಟ್ಟಿಯ ಅಡಿಗೆ ಹರಿದು ಜೀರುಂಡೆಯಷ್ಟು ದೊಡ್ಡ ಕಲೆ ಬಿತ್ತು. ಅಲಗಿನಿಂದ ಹೆರೆದು ಹೆರೆದು ತೆಗೆದೆ. ಹಾಳೆ ನನ್ನ ಮೇಜಿಗಿಂತ ದೊಡ್ಡದು, ಒಂದು ಮೂಲೆ ಯಾವಾಗಲೂ ಕೆಳಗೆ ನೇತಾಡುತ್ತದೆ, ಗೆರೆ ಎಳೆಯುವಾಗ ಸರಿಯುತ್ತದೆ. ಅತ್ತುಬಿಟ್ಟೆ. ಯಾಕೆ ಸುಳ್ಳು ಬರೆಯಲಿ.

ಸುರಿಪ್ ಅಜ್ಜಿ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅಜ್ಜಿ ಕುಸ್ತಿನಾಳ ಬಟಿಕ್ ಮನೆಯಲ್ಲಿ ಹದಿನಾಲ್ಕನೆಯ ವಯಸ್ಸಿನಿಂದ ಬಟ್ಟೆಯ ಮೇಲೆ ಮೇಣ ಎಳೆಯುತ್ತಿರುವವರು. ಈಗ ಎಪ್ಪತ್ತೈದೋ ಎಪ್ಪತ್ತಾರೋ. ಓದು ಬಾರದು, ಕರೆಂಟ್ ಬಿಲ್ಲು ಓದಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ಬಿಲ್ಲು ಮರೆತು ಹಾಳೆಯನ್ನೇ ನೋಡುತ್ತ ನಿಂತರು.

"ಪಟ್ಟಿ ಹಿಡ್ಕೊಂಡು ಗೆರೆ ಎಳಿಯೋದು ಊರುಗೋಲು ಹಿಡ್ಕೊಂಡು ಕುಣಿದ ಹಾಗೆ, ಬು ಗುರು. ಬೀಳಲ್ಲ, ಸರಿ. ಕುಣಿತಾನೂ ಆಗಲ್ಲ."

"ಕೈಯಲ್ಲಿ ಎಳೆದ್ರೆ ಸೊಟ್ಟ ಆಗತ್ತೆ ಅಜ್ಜಿ."

"ಕೈಯಲ್ಲಿ ಯಾರು ಎಳಿ ಅಂದ್ರು? ತೋಳಲ್ಲಿ ಎಳೀರಿ. ಉಸಿರು ಅರ್ಧ ಬಿಟ್ಟು ನಿಲ್ಲಿಸ್ಕೊಂಡು, ಮುಟ್ಟೋ ಜಾಗ ನೋಡಿ. ಲೇಖನಿ ನೋಡಬೇಡಿ."

ಹಳೆಯ ಪತ್ರಿಕೆಯ ಮೇಲೆ ಎಳೆದು ತೋರಿಸಿದರು. ದೇವರಾಣೆಗೂ ಪಟ್ಟಿ ಇಟ್ಟ ಹಾಗಿತ್ತು. ಅಲ್ಲ, ಇಟ್ಟ ಹಾಗಿರಲಿಲ್ಲ, ಆದರೆ ನೋಡಿದರೆ ಹಲ್ಲು ಜುಂ ಎನ್ನಲಿಲ್ಲ. ಹೋಗುವಾಗ, "ಅಚ್ಚು ಒತ್ತೋರು ಬಿಟ್ಟು ಹೋದ ಮೇಲೆ ನಮ್ಮಲ್ಲಿ ಉದ್ದದ ಮೇಜು ಖಾಲಿ ಬಿದ್ದಿದೆ. ಯಜಮಾನ್ತಿನ ನಾನು ಕೇಳ್ತೀನಿ" ಅಂದರು. ಬೇಡ ಎಂದೆ.

ಆಗಸ್ಟ್ 26, ಸೋಮವಾರ, ಕ್ಲಿವೊನ್

ಬಟಿಕ್ ಮನೆಯ ಮೇಜಿಗೆ ಹಾಳೆ ಸಾಗಿಸಿದೆ. ಮೇಜಿಗಾಗಿ ಮಾತ್ರ. ಉತ್ತರದ ಕಿಟಕಿಯ ಬೆಳಕೂ ಚೆನ್ನಾಗಿದೆ, ಬೇರೆ ಕಾರಣ ಏನೂ ಇಲ್ಲ.

ಕುಸ್ತಿನಾ ಒಮ್ಮೆ ಬಂದು ನೋಡಿ, ಮಾತಾಡದೆ, ಬಣ್ಣದ ಬಕೆಟ್ಟುಗಳನ್ನು ಮೇಜಿನ ಹತ್ತಿರದಿಂದ ಎತ್ತಿಸಿ ದೂರ ಇಡಿಸಿ ಹೋದಳು. ಹನ್ನೊಂದು ಗಂಟೆಗೆ ಎಲ್ಲರಿಗೂ ಶುಂಠಿ ಕಷಾಯ ಬಂದಾಗ ನನಗೂ ಒಂದು ಲೋಟ ಬಂತು.

ಸೆಪ್ಟೆಂಬರ್ 4, ಬುಧವಾರ, ವಾಗೆ

ಇಪ್ಪತ್ತೊಂದು ಎಳೆ. ಸುರಿಪ್ ಅಜ್ಜಿಯದು ಮಂಗಳವಾರ ಪೊನ್, ಹುಟ್ಟಿದ್ದೇ ಬಳೆಯ ಮೇಲೆ. ಅದನ್ನು ಹೇಳಿದ್ದೇ ತಡ, ಅಜ್ಜಿ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. "ನಾನು ಮೊದಲಿಂದ್ಲೂ ಒಳಗಿನೋಳು, ನೀವೆಲ್ಲ ಹೊರಗಿಂದ ನೆಗೆದು ನೆಗೆದು ಬನ್ನಿ" ಎಂದು ಉಳಿದವರನ್ನು ರೇಗಿಸಿದರು. ಅದಾದ ಮೇಲೆ ಯಾರೂ ವೆತೊನ್ ಮುಚ್ಚಿಡುತ್ತಿಲ್ಲ. ತಾವೇ ಬಂದು ಕೂರುತ್ತಾರೆ. ಬಣ್ಣ ಅದ್ದುವ ಪೊನಿರಾ ತನ್ನ ಗಂಡ, ನಾದಿನಿ, ನಾದಿನಿಯ ಅತ್ತೆ ಮೂವರನ್ನೂ ಎಳೆದುಕೊಂಡು ಬಂದಳು.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಹುಟ್ಟಿದ್ದು ಬಿಸಿಲಿರುವಾಗಲೋ, ದೀಪ ಹಚ್ಚಿದ ಮೇಲೋ? ಸರಕಾರದ ದಿನ ನಡುರಾತ್ರಿಗೆ ಬದಲಾಗುತ್ತದೆ, ನಮ್ಮದು ಸೂರ್ಯ ಮುಳುಗಿದೊಡನೆ. ಭಾನುವಾರ ಸಂಜೆ ಹುಟ್ಟಿದವರು ಸೋಮವಾರದವರು. ಗುರುತಿನ ಚೀಟಿ ನಂಬಿದರೆ ಕೆಟ್ಟೆ.

ಯಾರ ಎಳೆಯೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಎಳೆಯುತ್ತೇನೆ. ಅವರು ಮಾತಾಡುತ್ತಿರುತ್ತಾರೆ. ಪೊನಿರಾಳ ನಾದಿನಿಯ ಅತ್ತೆಗೆ ಮೂರು ಸಲ ಮದುವೆಯಾಗಿದೆ ಎಂದು ಮೂರನೆಯ ನೆಗೆತದಲ್ಲಿ ಗೊತ್ತಾಯಿತು. ನಗು ತಡೆದು ಗೆರೆ ಎಳೆಯುವುದು ಕಷ್ಟ.

ಉಕ್ಕಿನ ಪಟ್ಟಿ ಎಲ್ಲಿಟ್ಟೆನೋ ಕಾಣುತ್ತಿಲ್ಲ. ಹುಡುಕಬೇಕು.

ಸೆಪ್ಟೆಂಬರ್ 12, ಗುರುವಾರ, ಪಹಿಂಗ್

ಇಪ್ಪತ್ತೊಂಬತ್ತನೆಯ ಎಳೆ ಕುಸ್ತಿನಾಳದು. ಅವಳನ್ನು ಬಿಟ್ಟರೆ ಈ ಹೆಂಗಸರು ನನ್ನನ್ನು ಬಿಡುತ್ತಿರಲಿಲ್ಲ. ಅವಳು ಊರಲ್ಲಿಲ್ಲದ ದಿನ ನೋಡಿ ಮುಗಿಸಿದೆ. ಅಪ್ಪನ ಕಾಲದ ಜನನಪತ್ರ ನನ್ನ ಪೆಟ್ಟಿಗೆಯಲ್ಲೇ ಇದೆ, ತಾರೀಖಿನಿಂದ ಲೆಕ್ಕ ಹಾಕಿದೆ: ಭಾನುವಾರ ಪಹಿಂಗ್, ಹದಿನಾಲ್ಕು. ಐದು ನೆಗೆತಕ್ಕೆ ಬಳೆ ಸೇರುತ್ತಾಳೆ. ಚಿಕ್ಕಂದಿನಲ್ಲಿ ಅಮ್ಮ ಅವಳ ವೆತೊನ್‌ಗೆ ಅನ್ನ ಮಾಡಿ ಓಣಿಗೆಲ್ಲ ಹಂಚುತ್ತಿದ್ದಳು. ತಿಂದದ್ದು ನೆನಪಿದೆ, ದಿನ ನೆನಪಿಲ್ಲ.

ಸೆಪ್ಟೆಂಬರ್ 18, ಬುಧವಾರ, ಪೊನ್

ಮೂವತ್ತನಾಲ್ಕು. ಒಂದೇ ಒಂದು ಉಳಿದಿದೆ: ಸೋಮವಾರ ಪೊನ್. ನಮ್ಮ ಇಡೀ ಲವೆಯಾನ್ ಪೇಟೆಯಲ್ಲಿ ಸೋಮವಾರ ಪೊನ್ ದಿನ ಒಬ್ಬ ನರಪಿಳ್ಳೆಯೂ ಹುಟ್ಟಿಲ್ಲ.

ಪೊನ್ ದಿನ ಹುಟ್ಟಿದವರಿಗೆ ಪೊನ್ ಎಂದು ಸೇರಿಸಿ ಹೆಸರಿಡುವುದು ಹಿಂದಿನ ರೂಢಿ. ಹಾಗಾಗಿ ಪೊನ್ ಹೆಸರಿನವರನ್ನೆಲ್ಲ ಬೇಟೆಯಾಡಿದೆ. ಪೊನಿರಾ ಶುಕ್ರವಾರದವಳು, ಮೊದಲೇ ಗೊತ್ತು. ಸೈಕಲ್ ರಿಕ್ಷಾದ ಪೊನಿಮಾನ್ ಶನಿವಾರದವನು. ಮಸೀದಿಯ ಹಿಂದಿನ ಪೊನಿಯೆಮ್ ಮನೆಗೆ ಬಿಸಿಲಲ್ಲಿ ನಡೆದು ಹೋದರೆ, ಅವಳು ಹುಟ್ಟಿದ್ದು ಪೊನ್ ದಿನವೇ ಅಲ್ಲವಂತೆ, ಅಜ್ಜಿಯ ಹೆಸರಿಟ್ಟಿದ್ದಾರಂತೆ. ನೀರು ಕುಡಿದು ಬಂದೆ.

ಹತ್ತು ದಿನ ಉಳಿದಿದೆ. ಒಂದು ಚುಕ್ಕಿ ಖಾಲಿ ಇಟ್ಟುಕೊಂಡು "ಎಲ್ಲರೂ" ಎಂದು ಹೇಗೆ ಹೇಳಲಿ? ಸತ್ತವರನ್ನು ಸೇರಿಸೋಣವೇ ಎಂದು ಪೊನಿರಾ ಕೇಳಿದಳು. ಬೇಡ. ಬಂದು ಪಕ್ಕದಲ್ಲಿ ಕೂರುವವರೇ ಬೇಕು.

ಸೆಪ್ಟೆಂಬರ್ 23, ಸೋಮವಾರ, ಪೊನ್

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಗ್ಗೆ ಬಟಿಕ್ ಮನೆಗೆ ಹೋದಾಗ ನಡುವೆ ಬಾಳೆಲೆ ಹಾಸಿ, ಅನ್ನ, ಕಾಯಿತುರಿ ಕಲಸಿದ ಸೊಪ್ಪು, ಬೇಯಿಸಿದ ಮೊಟ್ಟೆ ಇಟ್ಟಿದ್ದರು. ಕುಸ್ತಿನಾಳ ವೆತೊನ್ ಊಟ. ಮೂವತ್ತೈದು ದಿನಕ್ಕೊಮ್ಮೆ ಕೆಲಸದವರಿಗೆಲ್ಲ ಬಡಿಸುತ್ತಾಳಂತೆ. ನಾನು ಕೈ ತೊಳೆದುಕೊಂಡು ಕೂತು, ಸುಮ್ಮನಿರಲಾರದೆ, "ಯಜಮಾನ್ತಿ ಒಂದು ದಿನ ತಡ ಮಾಡಿದ್ದಾರೆ. ಅವರ ದಿನ ನಿನ್ನೆಗೇ ಆಯ್ತು" ಅಂದೆ.

ಸುರಿಪ್ ಅಜ್ಜಿ ಮೊಟ್ಟೆ ಸುಲಿಯುತ್ತಿದ್ದವರು ತಲೆ ಎತ್ತಿದರು. "ನಿನ್ನೆ ಯಾಕೆ? ಅರವತ್ತು ವರ್ಷದಿಂದ ಸೋಮವಾರ ಪೊನ್‌ಗೇ ತಿಂತಿದೀನಿ. ಅವರು ಹುಟ್ಟಿದ್ದು ಭಾನುವಾರ ಸಂಜೆ, ಮಸೀದೀಲಿ ನಗಾರಿ ಹೊಡೆದ ಮೇಲೆ. ಅವರ ಎಳೆ ಮುಗೀತು, ಇನ್ನೊಬ್ಬ ಪೊನ್ ಬೇಕು ಅಂತ ತಿರುಗ್ತಿದೀರಿ ಅಂದ್ಕೊಂಡಿದ್ವಲ್ಲ. ನೀವು ಕೇಳ್ಲಿಲ್ವಾ?"

ಕೇಳಲಿಲ್ಲ. ಮೂವತ್ತೆರಡು ಜನರನ್ನು ಬಿಸಿಲೋ ದೀಪವೋ ಎಂದು ಕೇಳಿದವಳು, ಒಬ್ಬಳನ್ನು ಮಾತ್ರ ಕೇಳಲಿಲ್ಲ.

ನಾನು ಹುಡುಕುತ್ತಿದ್ದ ಸೋಮವಾರ ಪೊನ್ ದಿನಾ ನನಗೆ ಕಷಾಯ ಕಳಿಸುತ್ತಿದ್ದಳು. ಅವಳ ಎಳೆ ಮಾತ್ರ ತಪ್ಪು ಚುಕ್ಕಿಯಿಂದ ಹೊರಟು, ಶಾಯಿಯಲ್ಲಿ ಕೂತಿದೆ. ಅದರ ಪಕ್ಕದಲ್ಲಿ ಕೂದಲೆಳೆ ಅಂತರದಲ್ಲಿ ಐದು ಎಳೆ ಹೋಗಿವೆ. ಹೆರೆಯಲು ಹೋದರೆ ಎಲ್ಲ ಹಾಳು. ಹೊಸ ಹಾಳೆ ಇಲ್ಲ. ಇದ್ದರೂ ಐದು ದಿನದಲ್ಲಿ ಏನಾಗುತ್ತದೆ? ಎಲ್ಲ ಮುಗಿಯಿತು ಅನ್ನಿಸಿತು. ಹಾಳೆಯ ಮೇಲೆ ಬಟ್ಟೆ ಮುಚ್ಚಿ ಮನೆಗೆ ಬಂದು ಮಲಗಿದೆ.

ದೀಪ ಹಚ್ಚುವ ಹೊತ್ತಿಗೆ ಎದ್ದು ಕುಸ್ತಿನಾಳ ಮನೆ ಬಾಗಿಲಿಗೆ ಹೋದೆ. ಎರಡು ವರ್ಷದ ಮೇಲೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಕೂರು ಅನ್ನಲಿಲ್ಲ, ಚಾಪೆ ತಳ್ಳಿದಳು.

"ನೀನು ಹುಟ್ಟಿದ್ದು ಯಾವ ಹೊತ್ತಲ್ಲಿ?" ಎಂದು ಕೇಳಿದೆ.

"ಅರವತ್ತಾರು ವರ್ಷಕ್ಕೆ ಕೇಳ್ತಿದೀಯ."

"ಈಗಾದ್ರೂ ಹೇಳು."

"ದೀಪ ಹಚ್ಚಿ ಆಗಿತ್ತಂತೆ. ಸೂಲಗಿತ್ತಿ ಬೆಳಕು ಸಾಲ್ದು ಅಂತ ಮೇಣದ ಒಲೆ ಬೆಂಕೀನೇ ದೊಡ್ಡದು ಮಾಡಿಸಿದ್ಲಂತೆ. ಮಾರನೇ ದಿನ ಅಪ್ಪ ಕಚೇರಿಗೆ ಹೋಗಿ ಭಾನುವಾರ ಅಂತ ಬರೆಸಿ ಬಂದರು. ಅಮ್ಮ ಸಾಯೋವರ್ಗೂ ಅದಕ್ಕೆ ಬೈತಿದ್ಲು." ಹೆಚ್ಚುವುದು ನಿಲ್ಲಿಸಿದಳು. "ನೀನು ಹುಟ್ಟಿದ್ದು ಮಟಮಟ ಮಧ್ಯಾಹ್ನ. ನಾನು ಬಾಗಿಲ ಹೊರಗೆ ನಿಂತಿದ್ದೆ. ನಿನ್ನ ದಿನದಲ್ಲಿ ಅನುಮಾನ ಇಟ್ಕೋಬೇಡ."

ನಾನು ಆದದ್ದನ್ನು ಹೇಳಿದೆ. ಅವಳು ಕೈ ಒರೆಸಿಕೊಂಡು ಎದ್ದಳು. "ನಡಿ, ನೋಡೋಣ. ಬಟ್ಟೆ ಮೇಲೆ ಮೇಣ ತಪ್ಪಿ ಬಿದ್ದ ದಿನ ನಾವು ಅಂಗಡಿ ಮುಚ್ತೀವಾ?"

ಬಟಿಕ್ ಮನೆಯಲ್ಲಿ ದೀಪ ಹಾಕಿ, ಬಟ್ಟೆ ಸರಿಸಿ, ಅವಳ ಎಳೆ ಎಲ್ಲಿಂದ ಹೊರಟಿದೆ ಎಂದು ತೋರಿಸಿದೆ. ಅವಳು ಬೆರಳಿಟ್ಟು ಹಿಂಬಾಲಿಸಿದಳು. ಮೂವತ್ತನಾಲ್ಕು ಎಳೆಗಳ ಸಿಕ್ಕಿನಲ್ಲಿ ಒಂದು ಕಡೆಯೂ ಬೆರಳು ತಪ್ಪಲಿಲ್ಲ. ಒಂದು ನೆಗೆತ, ಭಾನುವಾರ ಲೆಗಿ. ಎರಡು, ಬುಧವಾರ ಲೆಗಿ. ಮೂರು. ಬೆರಳು ನಿಲ್ಲಿಸಿದಳು.

"ಇದ್ಯಾವ ಚುಕ್ಕಿ?"

ನೋಡಿದೆ. ಇನ್ನೊಮ್ಮೆ ಎಣಿಸಿದೆ. ಬುಧವಾರ ಏಳು, ಲೆಗಿ ಐದು, ಹನ್ನೆರಡು ದಿನ. ಸೋಮವಾರ ಪೊನ್.

ಹನ್ನೊಂದು ದಿನದಿಂದ ಅಲ್ಲೇ ಇತ್ತು. ಕಾಗದದ ಕುಸ್ತಿನಾ ತಪ್ಪು ಚುಕ್ಕಿಯಿಂದ ಹೊರಟು, ಮೂರೇ ನೆಗೆತಕ್ಕೆ ತನ್ನ ನಿಜವಾದ ದಿನಕ್ಕೆ ಬಂದು ಮುಟ್ಟಿದ್ದಳು. ನಾನೇ ಆ ಗೆರೆ ಎಳೆದಿದ್ದೆ, ಖಾಲಿ ಚುಕ್ಕಿ ಎಂದು ಊರೆಲ್ಲ ತಿರುಗಿದ್ದೆ. ನಗು ಬಂತು. ಅವಳಿಗೂ ಬಂತು. ಇಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು, ಅಮ್ಮ ಬದುಕಿದ್ದಾಗ ನಕ್ಕ ಹಾಗೆ.

ಹೊರಡುವಾಗ ಅವಳು ಅಂದಳು: "ಆ ನಿನ್ನ ಹಾಳೆ. ಮೇಣ ಸುತ್ತಿದ ಮೇಲೆ ಬಿಡಿಸಿ ನೋಡಿದೆ. ಅಂಟಿ ಹೋಗಿತ್ತು. ಹೇಳೋಕೆ ಮುಖ ಇರ್ಲಿಲ್ಲ ಕಣೆ."

ಸೆಪ್ಟೆಂಬರ್ 24, ಮಂಗಳವಾರ, ವಾಗೆ

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯ ಎಳೆ ಎಳೆದೆ, ಸೋಮವಾರ ಪೊನ್‌ನಿಂದ. ಎರಡೇ ನೆಗೆತ, ಬಳೆ ಸೇರಿದಳು. ತಪ್ಪು ಎಳೆಯನ್ನು ಮುಟ್ಟಲಿಲ್ಲ. ಕೆಳಗೆ ಹೆಸರು ಬರೆಯುವಾಗ ಅವಳದ್ದನ್ನು ಎರಡು ಕಡೆ ಬರೆದೆ. ಭಾನುವಾರ ಪಹಿಂಗ್: ಕುಸ್ತಿನಾ, ಕಾಗದದ ಪ್ರಕಾರ. ಸೋಮವಾರ ಪೊನ್: ಕುಸ್ತಿನಾ, ಅಮ್ಮನ ಪ್ರಕಾರ.

ಮೂವತ್ತೈದು ದಿನ, ಮೂವತ್ತನಾಲ್ಕು ಜನ. ಲೆಕ್ಕದ ಮೇಡಂ ಚಿತ್ರದಲ್ಲಿ ಲೆಕ್ಕ ಸರಿಯಿಲ್ಲ. ಇರಲಿ.

ಸೆಪ್ಟೆಂಬರ್ 27, ಶುಕ್ರವಾರ, ಪಹಿಂಗ್

ನಾಳೆ. ಆಯ್ಕೆಗಾರರಿಗೆ ಹೇಳಬೇಕಾದ್ದನ್ನು ಮೂರು ಪುಟ ಬರೆದು ಬಾಯಿಪಾಠ ಮಾಡಿದ್ದೇನೆ. ಅಕ್ಕನ ಮುಂದೆ ಒಪ್ಪಿಸಿದೆ. ಎರಡನೆಯ ಪುಟಕ್ಕೆ ಅವಳು ತೂಕಡಿಸುತ್ತಿದ್ದಳು.

ಸೆಪ್ಟೆಂಬರ್ 28, ಶನಿವಾರ, ಪೊನ್

ಹಾಳೆಯ ಸುರುಳಿ ನನ್ನಷ್ಟೇ ಉದ್ದ. ರೈಲಿನಲ್ಲಿ ಒಬ್ಬರೇ ಹಿಡಿಯಲಾಗುವುದಿಲ್ಲ ಎಂದು ಅಕ್ಕ ಜೊತೆಗೆ ಬಂದಳು. ಸೀರೆಯ ಹಾಗೆ ಸೊಂಟಕ್ಕೆ ಸುತ್ತುವ ಹೊಸ ಬಟಿಕ್ ಬಟ್ಟೆ, ಹೂವಿನ ರವಿಕೆ, ತುರುಬಿಗೆ ಚಿಪ್ಪಿನ ಬಾಚಣಿಗೆ. ಸುರುಳಿ ಹಿಡಿಯಲು ಬಂದವಳ ಹಾಗೆ ಏನೂ ಕಾಣುತ್ತಿರಲಿಲ್ಲ.

ಮೂವರು ಆಯ್ಕೆಗಾರರು. ಒಬ್ಬರು ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವ ಹೆಂಗಸು, ಒಬ್ಬ ಶಿಲ್ಪಿ, ಮೂರನೆಯವರು ಹಿರಿಯರು, ಕಂಪ್ಯೂಟರಿನ ಸಾಲು ಬರೆದವರು ಅವರೇ ಎಂದು ನನ್ನ ಅರ್ಜಿಯ ಮೇಲೆ ಹಾಕಿದ ಸಹಿಯಿಂದ ಗುರುತಾಯಿತು. ಹಾಳೆ ಬಿಚ್ಚಿದೆವು. ಮೂವರೂ ಸುತ್ತ ನಡೆದು ನೋಡಿದರು. ನಾನು ಬಾಯಿಪಾಠ ಶುರು ಮಾಡಿದೆ, ನೆಗೆತದ ನಿಯಮ ಹೇಳಿದೆ, ಒಂಬತ್ತರ ಬಳೆ ಹೇಳಿದೆ.

ಹಿರಿಯರು ಕನ್ನಡಕ ತೆಗೆದರು. "ಬು ವುರ್ಯಾನಿ, ತಪ್ಪು ತಿಳೀಬೇಡಿ. ನಿಯಮ ಇಷ್ಟು ಸ್ಪಷ್ಟವಾಗಿರುವಾಗ ಇದನ್ನ ಯಂತ್ರಕ್ಕೆ ಕೊಟ್ಟರೆ ಒಂದು ನಿಮಿಷದ ಕೆಲಸ ಅಲ್ವಾ? ಕೈಯಲ್ಲೇ ಯಾಕೆ?"

ಅದೇ ಮಾತು. ಮೂರನೆಯ ವರ್ಷ. ಉತ್ತರ ಮೂರನೆಯ ಪುಟದಲ್ಲಿತ್ತು, ನೆನಪಾಗದೆ ಚೀಲದಲ್ಲಿ ಆ ಪುಟ ಹುಡುಕತೊಡಗಿದೆ.

"ಯಂತ್ರಕ್ಕೆ ನಾನು ಹುಟ್ಟಿದ್ದು ಯಾವತ್ತು ಅಂತ ಯಾರು ಹೇಳ್ತಾರೆ?" ಎಂದಳು ಅಕ್ಕ, ಕೂತಲ್ಲಿಂದಲೇ.

ಹಿರಿಯರು ತಿರುಗಿದರು. "ನಿಮ್ಮ ಗುರುತಿನ ಚೀಟಿಯಲ್ಲಿ ಇರತ್ತಲ್ಲ."

"ಅದೇ ತಪ್ಪು. ಚೀಟೀಲಿ ಭಾನುವಾರ. ನಾನು ಹುಟ್ಟಿದ್ದು ದೀಪ ಹಚ್ಚಿದ ಮೇಲೆ." ಎದ್ದು ಬಂದಳು. ತುರುಬಿನ ಬಾಚಣಿಗೆ ಕಿತ್ತು ಅದರ ತುದಿಯಿಂದ ತೋರಿಸಿದಳು. "ಇಲ್ನೋಡಿ. ನನ್ನ ತಂಗೀನೂ ಮೊದ್ಲು ಚೀಟೀನೇ ನಂಬಿದಳು, ನಿಮ್ಮ ಯಂತ್ರದ ಹಾಗೆ. ಇದು ಆ ತಪ್ಪು ಗೆರೆ. ಆಮೇಲೆ ನನ್ನ ಮನೆಗೆ ಬಂದು ಕೇಳಿದಳು. ಇದು ಕೇಳಿದ ಮೇಲೆ ಎಳೆದಿದ್ದು. ಇದು ಸುರಿಪ್ ಅಜ್ಜಿ, ಇದು ಕೋಳಿ ಮಾರೋನು, ಇವಳು ಮೂರು ಮದುವೆ ಆದೋಳು. ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಎಳೆದಿದ್ದಾಳೆ. ನಿಮ್ಮ ಯಂತ್ರ ಯಾರ ಮನೆ ಬಾಗಿಲಿಗೆ ಹೋಗಿ ಕೇಳತ್ತೆ?"

ಗಣಿತದ ಹೆಂಗಸು ಬಾಗಿ ಹಾಳೆಗೆ ಮೂಗು ತಾಗುವಷ್ಟು ಹತ್ತಿರದಿಂದ ಗೆರೆಗಳನ್ನು ನೋಡಿದರು. "ಪಟ್ಟಿ ಇಟ್ಟಿಲ್ಲ ಇಲ್ಲಿ" ಎಂದರು ಮೆಲ್ಲಗೆ. "ಉಸಿರು ಕಾಣತ್ತೆ."

"ನಿಮ್ದು ಯಾವ ದಿನ?" ಅಕ್ಕ ಹಿರಿಯರನ್ನು ಬಿಡಲಿಲ್ಲ.

ಅವರು ತುಸು ಹಿಂಜರಿದರು. ಬೀಗದ ಕೈ ಕೇಳಿದರೆ ಯಾರಾದರೂ ಹಿಂಜರಿಯುತ್ತಾರೆ. ಆಮೇಲೆ, "ಶನಿವಾರ ಪಹಿಂಗ್. ಬೆಳಗ್ಗೆ" ಎಂದರು.

"ಹದಿನೆಂಟು. ಎಲ್ಲಕ್ಕಿಂತ ದೊಡ್ಡದು, ನೋಡಿದ್ರೇ ಗೊತ್ತಾಗತ್ತೆ." ಬಾಚಣಿಗೆಯ ತುದಿ ಹೊರಟಿತು. ಬುಧವಾರ ಕ್ಲಿವೊನ್, ಗುರುವಾರ ಕ್ಲಿವೊನ್, ಶನಿವಾರ ಲೆಗಿ, ಶನಿವಾರ ಕ್ಲಿವೊನ್, ಮಂಗಳವಾರ ಪಹಿಂಗ್. "ಐದು ನೆಗೆತ ಬೇಕಾಯ್ತು ನಿಮಗೆ. ಆದ್ರೂ ಬಂದ್ರಿ, ಪರವಾಗಿಲ್ಲ, ನಮ್ಮ ಜೊತೆಗೇ ಸೇರಿದ್ರಿ."

ಶಿಲ್ಪಿ ಮೊದಲು ನಕ್ಕ. ಆಮೇಲೆ ಹಿರಿಯರೂ. ಅವರು ತಮ್ಮ ಹೆಂಡತಿಯ ದಿನ ಹೇಳಿ ಅವರನ್ನೂ ನಡೆಸಿಸಿದರು, ಸತ್ತ ತಾಯಿಯ ದಿನ ಹೇಳಿದರು. ತಾಯಿ ಬಳೆಗೆ ಬಂದಾಗ ಕನ್ನಡಕ ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಬಂದೊಡನೆ ಎದುರಿಗೆ ಕಾಣುವ ಗೋಡೆ, ಅಲ್ಲಿ ಹಾಕೋಣ. ಇದರ ಪಕ್ಕದಲ್ಲಿ ಬೇರೇನೂ ಬೇಡ" ಎಂದರು.

ಗೆದ್ದೆ. ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಅಕ್ಕ ಕಡಲೆಕಾಯಿ ಸುಲಿದು ಸುಲಿದು ಕೈಗೆ ಹಾಕುತ್ತಿದ್ದಳು.

ಅಕ್ಟೋಬರ್ 12, ಶನಿವಾರ, ಪಹಿಂಗ್

ಇವತ್ತು ಉದ್ಘಾಟನೆ. ಮೂವತ್ತನಾಲ್ಕರಲ್ಲಿ ಮೂವತ್ತೊಂದು ಜನ ಎರಡು ಮಿನಿಬಸ್ಸಿನಲ್ಲಿ ಬಂದರು. ಕೋಳಿ ಮಾರುವವನು ಮದುವೆಯ ಟೋಪಿ ಹಾಕಿಕೊಂಡು ಬಂದಿದ್ದ.

ದೊಡ್ಡವರ ಭಾಷಣಗಳು ಮುಗಿಯುವ ತನಕವೂ ಇವರಿಗೆ ತಾಳ್ಮೆ ಇರಲಿಲ್ಲ. ಮೊದಲ ಚಪ್ಪಾಳೆಗೇ ಗೋಡೆಯ ಹತ್ತಿರ ನುಗ್ಗಿ, ತಂತಮ್ಮ ಚುಕ್ಕಿ ಹುಡುಕಿ, ಬಂದವರಿಗೆಲ್ಲ ತೋರಿಸತೊಡಗಿದರು. ಪೊನಿರಾ ಒಬ್ಬ ಸಚಿವಾಲಯದ ಅಧಿಕಾರಿಯ ತೋಳು ಹಿಡಿದು, "ಇದು ನಾನು, ಇದು ನನ್ ಗಂಡ, ಇಲ್ಲಿ ನಮ್ಮಿಬ್ರ ಗೆರೆ ಕೂಡತ್ತೆ ನೋಡಿ. ಮನೇಲಿ ಕೂಡಲ್ಲ" ಎಂದಳು. ಸ್ವಲ್ಪ ಹೊತ್ತಿಗೆ ಜನ ಸಾಲು ನಿಂತರು, ತಮ್ಮನ್ನೂ ನಡೆಸಿ ಎಂದು. ಅಕ್ಕ ಒಂದು ಕಡೆ, ಸುರಿಪ್ ಅಜ್ಜಿ ಒಂದು ಕಡೆ ನಿಂತು ಬೆರಳಲ್ಲಿ ನಡೆಸಿದರು. ಅಕ್ಷರ ಬಾರದ ಅಜ್ಜಿಗೆ ಮೂವತ್ತೈದು ಚುಕ್ಕಿಗಳೂ ಕಂಠಪಾಠ. ಗಣಿತದ ಹೆಂಗಸು ತಮ್ಮ ವಿದ್ಯಾರ್ಥಿಗಳನ್ನು ಕರೆತಂದು ಅಜ್ಜಿಯ ಸಾಲಿನಲ್ಲಿ ನಿಲ್ಲಿಸಿದ್ದರು.

ನನಗೆ ಮಾಡಲು ಏನೂ ಕೆಲಸ ಉಳಿದಿರಲಿಲ್ಲ. ಹಿಂದೆ ನಿಂತು ನೋಡುತ್ತಿದ್ದೆ. ದೂರದಿಂದ ನೋಡಿದರೆ ಬಳೆ ಕಪ್ಪಗೆ ದಪ್ಪಗೆ ಕಾಣುತ್ತದೆ, ಹತ್ತಿರ ಹೋದರೆ ಒಂದೊಂದು ಎಳೆಯೂ ಬೇರೆ. ಪಟ್ಟಿ ಇಟ್ಟ ಮೊದಲ ಆರು ಬಿಟ್ಟರೆ ಒಂದೂ ಪೂರ್ತಿ ನೇರವಿಲ್ಲ. ಇಷ್ಟು ಚೆಂದದ್ದನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಕಾಲೇಜಿನ ಒಬ್ಬಳು ಹುಡುಗಿ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದವಳು, ನಮ್ಮ ಗುಂಪಿನ ಕಡೆ ತಿರುಗಿ ಕೇಳಿದಳು: "ಇದನ್ನ ಮಾಡಿದ ಕಲಾವಿದೆ ಬಂದಿದ್ದಾರಾ? ಯಾರು?"

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಸುರಿಪ್ ಅಜ್ಜಿ ಅವಳ ಕೈ ಹಿಡಿದುಕೊಂಡರು. "ನಾವೇ ಕಣಮ್ಮ ಮಾಡಿದ್ದು. ಇಷ್ಟೂ ಜನ." ಆಮೇಲೆ ನೆನಪಾದ ಹಾಗೆ ನನ್ನತ್ತ ಗದ್ದ ಎತ್ತಿ ತೋರಿಸಿದರು. "ಗೆರೆ ಎಳೆದೋರು ಈ ಬು ಗುರು."

ಹುಡುಗಿ ನನ್ನ ಮುಖ ನೋಡಿದಳು, ಹೌದಾ ಎನ್ನುವ ಹಾಗೆ. ಮೂವತ್ತು ವರ್ಷ ಇನ್ನೊಬ್ಬರ ಉತ್ತರ ತಿದ್ದಿಯೇ ಹೊಟ್ಟೆ ಹೊರೆದವಳು ನಾನು.

"ಸರಿಯಾಗಿ ಹೇಳಿದ್ರು. ಹಾಗೇ ಬರ್ಕೊ" ಎಂದೆ.